ಪೋಲಿಯೊ ಹೋಯಿತು, ಕಾಲಿನ ಸೋಲು ಹೋಗಲಿಲ್ಲ

ಅಕ್ಕಲಕೋಟ ತಾಲೂಕಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಕಲಿಸಿ ನಿವೃತ್ತಳಾದವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹೋದ ಒಂದೊಂದು ಊರಿನಲ್ಲಿಯೂ ಮೊಣಕಾಲಿನ ಮೇಲೆ ಕೈಯೂರಿ ನಡೆಯುವ ಒಬ್ಬಿಬ್ಬರು ಮಕ್ಕಳು ಇದ್ದೇ ಇರುತ್ತಿದ್ದರು. ಪೋಲಿಯೊ ಎಂಬ ಹೆಸರನ್ನು ಉಚ್ಚರಿಸಲು ಬಾರದ ಅಜ್ಜಿಯರೂ ಆ ನಡಿಗೆಯನ್ನು ದೂರದಿಂದಲೇ ಗುರುತಿಸುತ್ತಿದ್ದರು. ನಾನು ನಿವೃತ್ತಳಾಗುವ ಹೊತ್ತಿಗೆ ನನ್ನ ವರ್ಗದಲ್ಲಿ ಅಂಥ ಮಗು ಒಂದೂ ಇರಲಿಲ್ಲ. ಒಂದು ತಲೆಮಾರಿನ ಕಣ್ಣೆದುರಿಗೇ ಒಂದು ರೋಗ ಹೀಗೆ ಹಿಂದೆ ಸರಿದುದನ್ನು ಕಾಣುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ.

ಆ ಕೆಲಸದಲ್ಲಿ ನಮ್ಮಂಥ ಶಿಕ್ಷಕರ ಪಾಲೂ ಸ್ವಲ್ಪ ಇದೆ. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಆರಂಭವಾದ ಮೇಲೆ ಭಾನುವಾರಗಳಂದು ಶಾಲೆಯ ಜಗುಲಿಯಲ್ಲಿ ಮೇಜು ಹಾಕಿ ಕುಳಿತು, ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಹಾಕಿದವರು ನಾವು. ಕಬ್ಬು ಕಡಿಯಲು ಹೊರಟ ಬಂಡಿಗಳನ್ನು ನಿಲ್ಲಿಸಿ, ಮೂಟೆಗಳ ನಡುವೆ ಮಲಗಿದ್ದ ಕೂಸುಗಳ ಬಾಯಿಗೆ ಹನಿ ಹಾಕಿಸಿದ್ದೂ ಉಂಟು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ ಕಾಣಿಸಿದ್ದೇ ನಮ್ಮ ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಈ ಗೆಲುವಿನ ನೆರಳಿನಲ್ಲಿಯೇ ಒಂದು ತಪ್ಪು ನಂಬಿಕೆಯೂ ಬೆಳೆದುಬಂದಿದೆ. ಪೋಲಿಯೊ ಹೋದ ಮೇಲೆ ಮಕ್ಕಳ ಕೈಕಾಲು ಹಠಾತ್ತನೆ ಸೋಲುವ ಭಯವೂ ಹೋಯಿತು ಎಂದು ಜನರು ತಿಳಿದಿದ್ದಾರೆ. ಹಾಗಲ್ಲ. ಅದು ಹೇಗೆ ಅಲ್ಲವೆಂಬುದು ನಮ್ಮ ಮನೆಯ ಒಂದು ಕೂಸಿನ ಮೂಲಕ ನನಗೆ ತಿಳಿಯಿತು.

ನನ್ನ ತಂಗಿಯ ಮೊಮ್ಮಗನಿಗೆ ಆಗ ನಾಲ್ಕು ವರ್ಷ. ಶ್ರಾವಣದ ದಿನಗಳು. ಎರಡು ದಿನ ಜ್ವರ, ಸ್ವಲ್ಪ ಭೇದಿ. ಮೂರನೆಯ ದಿನ ಜ್ವರ ಇಳಿಯಿತು, ಮನೆಯವರು ನೆಮ್ಮದಿಯಿಂದ ಉಸಿರು ಬಿಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿಯಲು ಹೋದ ಹುಡುಗ ಕುಸಿದುಬಿದ್ದ. ಎಡಗಾಲು ಮಾತು ಕೇಳುತ್ತಿರಲಿಲ್ಲ. ನೆರೆಮನೆಯ ಹಿರಿಯರು ‘ಗಾಳಿ ಬಡದದ, ಎಣ್ಣಿ ಹಚ್ಚಿ ತಿಕ್ಕಸ್ರಿ’ ಎಂದರು. ಇನ್ನೊಬ್ಬರು ‘ಹನಿ ಎಲ್ಲಾ ಹಾಕ್ಸೀರಲ್ಲ, ಮತ್ತೇನ ಅಂಜಿಕಿ?’ ಎಂದು ಧೈರ್ಯ ಹೇಳಿದರು.

ಹುಡುಗನ ತಾಯಿ, ಎಂದರೆ ನನ್ನ ತಂಗಿಯ ಸೊಸೆ, ವಿಜಯಪುರ ಜಿಲ್ಲೆಯ ಹಳ್ಳಿಯವಳು. ಮದುವೆಯಾಗಿ ಬಂದು ಐದಾರು ವರ್ಷಗಳಾದರೂ ಮರಾಠಿ ಅವಳ ನಾಲಗೆಗೆ ಪೂರ್ತಿ ಒಗ್ಗಿರಲಿಲ್ಲ. ಗಂಡ ಕೆಲಸದ ಮೇಲೆ ಪರಸ್ಥಳದಲ್ಲಿದ್ದ. ಅವಳೊಬ್ಬಳೇ ಕೂಸನ್ನೆತ್ತಿಕೊಂಡು ಹತ್ತಿರದ ಒಂದು ಚಿಕ್ಕ ದವಾಖಾನೆಗೆ ಹೋದಳು. ಅಲ್ಲಿ ಬರೆದುಕೊಳ್ಳುವವಳು ಏನಾಗಿದೆಯೆಂದು ಕೇಳಿದಾಗ, ‘ಕಾಲ... ಕಾಲಾಗ ಶಕ್ತಿ ಇಲ್ರಿ’ ಎಂದಳು. ಮರಾಠಿಯಲ್ಲಿ ‘ಕಾಲ’ ಎಂದರೆ ನಿನ್ನೆ. ‘ಕಾಲ ಕಾಯ ಝಾಲಂ?’ ಎಂದು ಆಕೆ ಮರಳಿ ಕೇಳಿದಳು. ನಿನ್ನೆ ಏನಾಯಿತು ಎಂಬುದು ಆ ಪ್ರಶ್ನೆಯ ಅರ್ಥ. ಕಾಲಿಗೆ ಏನಾಯಿತೆಂದು ಕೇಳುತ್ತಿದ್ದಾರೆಂದು ತಿಳಿದ ಇವಳು ‘ಹೂಂರಿ, ಕಾಲ, ಶಕ್ತಿ ಇಲ್ಲ’ ಎಂದಳು. ಚೀಟಿಯ ಮೇಲೆ ಬರೆದದ್ದು ಇಷ್ಟು: ನಿನ್ನೆಯಿಂದ ಅಶಕ್ತತೆ. ಜ್ವರ ಬಂದುಹೋದ ಮಗು, ಅಶಕ್ತತೆ ಸಹಜವೇ. ಒಂದು ಶಕ್ತಿಯ ಔಷಧದ ಬಾಟಲಿ ಕೊಟ್ಟು ಕಳುಹಿಸಿದರು. ಹುಡುಗನನ್ನು ನೆಲದ ಮೇಲೆ ನಿಲ್ಲಿಸಿ ಯಾರೂ ನೋಡಲಿಲ್ಲ.

ಮರುದಿನ ಸುದ್ದಿ ತಿಳಿದು ನಾನು ಹೋದಾಗ ಅವನ ಎಡಗಾಲು ಎತ್ತಿ ಬಿಟ್ಟರೆ ಬಟ್ಟೆಯಂತೆ ಬೀಳುತ್ತಿತ್ತು. ಬಲಗಾಲು ಸರಿಯಿತ್ತು. ಪಾದಕ್ಕೆ ಕಚಗುಳಿ ಇಟ್ಟರೆ ನಗುತ್ತಿದ್ದ. ಸ್ಪರ್ಶಜ್ಞಾನವಿತ್ತು, ಚಲನೆ ಮಾತ್ರ ಇರಲಿಲ್ಲ. ನಾವು ಆ ಮಧ್ಯಾಹ್ನವೇ ಸೊಲ್ಲಾಪುರದ ದೊಡ್ಡ ದವಾಖಾನೆಗೆ ಹೊರಟೆವು. ದಾರಿಯುದ್ದಕ್ಕೂ ಆ ತಾಯಿ ‘ದೊಡ್ಡತ್ತಿ, ನಾ ಕಾಲಂತ ಬರೋಬ್ಬರಿ ಹೇಳೀನ್ರಿ’ ಎಂದು ಹೇಳುತ್ತಲೇ ಇದ್ದಳು. ಅವಳು ಹೇಳಿದ್ದು ನಿಜವೇ ಆಗಿತ್ತು.

ದೊಡ್ಡ ದವಾಖಾನೆಯ ಮಕ್ಕಳ ವೈದ್ಯರು ಮೊಣಕಾಲ ಕೆಳಗೆ ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಿದರು. ಬಲಗಾಲು ಜಿಗಿಯಿತು, ಎಡಗಾಲು ಸುಮ್ಮನಿತ್ತು. ಅವರು ಕೇಳಿದ ಪ್ರಶ್ನೆಗಳು ನನಗೆ ಇಂದಿಗೂ ನೆನಪಿವೆ. ಕಾಲು ಸೋತದ್ದು ಯಾವ ದಿನ? ಅದಕ್ಕೂ ಮುಂಚೆ ಜ್ವರ ಇತ್ತೇ? ಈಚೆಗೆ ತಿಕ್ಕಿಗೆ ಸೂಜಿ ಚುಚ್ಚಿಸಿದ್ದೀರಾ? ನಾಯಿ ಕಚ್ಚಿತ್ತೇ? ಉಚ್ಚೆ ಸರಿಯಾಗಿ ಆಗುತ್ತಿದೆಯೇ? ನುಂಗಲು, ಉಸಿರಾಡಲು ತೊಂದರೆ ಇದೆಯೇ? ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಬೇರೆ ರೋಗವಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಈ ಸ್ಥಿತಿಯನ್ನು ವೈದ್ಯರು ‘ಅಕ್ಯೂಟ್ ಫ್ಲಾಸಿಡ್ ಪ್ಯಾರಾಲಿಸಿಸ್’, ಚಿಕ್ಕದಾಗಿ ಎ.ಎಫ್.ಪಿ., ಎಂದು ಕರೆಯುತ್ತಾರೆ. ಹಠಾತ್ತನೆ ಬಂದು ಅಂಗವನ್ನು ಸಡಿಲುಗೊಳಿಸುವ ಪಾರ್ಶ್ವವಾಯು ಎಂದರ್ಥ. ಇದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಪೋಲಿಯೊ ಇದಕ್ಕೆ ಕಾರಣವಾಗಬಲ್ಲ ಹಲವು ರೋಗಗಳಲ್ಲಿ ಒಂದು ಮಾತ್ರ. ಪೋಲಿಯೊ ಇಲ್ಲದ ನಾಡುಗಳಲ್ಲಿ ಗಿಯಾನ್ ಬಾರೆ ಸಿಂಡ್ರೋಮ್ ಇದರ ಪ್ರಮುಖ ಕಾರಣ. ಯಾವುದೋ ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿ ತನ್ನದೇ ನರಗಳ ಮೇಲೆ ತಿರುಗಿಬೀಳುವುದು ಅದರ ಬಗೆ. ಅದರಲ್ಲಿ ಸಾಮಾನ್ಯವಾಗಿ ಎರಡೂ ಕಾಲು ಸಮನಾಗಿ ಸೋತು, ಸೋಲು ಮೇಲಕ್ಕೇರುತ್ತದೆ. 2025ರ ಆರಂಭದಲ್ಲಿ ಪುಣೆಯಲ್ಲಿ ಅದು ಹಬ್ಬಿದ ಸುದ್ದಿಯನ್ನು ನಮ್ಮ ಭಾಗದವರೆಲ್ಲ ಆತಂಕದಿಂದ ಓದಿದ್ದೇವೆ. ಅಲ್ಲಿ ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಕೆಲವರಲ್ಲಿ ನೊರೊವೈರಸ್ ಕಂಡುಬಂದಿದ್ದವು. ತಿಕ್ಕಿನ ನರಕ್ಕೆ ಸೂಜಿ ತಾಗಿದರೂ ಮಗುವಿನ ಒಂದು ಕಾಲು ಸೋಲಬಹುದು. ನಾಯಿಕಡಿತದ ರೇಬೀಸ್ ಕೂಡ ಕೆಲವೊಮ್ಮೆ ಹುಚ್ಚಿನ ರೂಪದಲ್ಲಲ್ಲದೆ ಪಾರ್ಶ್ವವಾಯುವಿನ ರೂಪದಲ್ಲಿಯೇ ಬರುತ್ತದೆ.

ಇವುಗಳ ಜೊತೆಗೆ ಪೋಲಿಯೊದ ದಾಯಾದಿಗಳಿದ್ದಾವೆ. ಪೋಲಿಯೊ ವೈರಸ್ ‘ಎಂಟೆರೊವೈರಸ್’ ಎಂಬ ದೊಡ್ಡ ಮನೆತನಕ್ಕೆ ಸೇರಿದ್ದು. ಈ ಮನೆತನದ ಬಹುಪಾಲು ವೈರಸ್‌ಗಳು ಕರುಳಿನಲ್ಲಿ ಬೆಳೆದು ಮಲದ ಮೂಲಕ ಹೊರಬಂದು, ಕೊಳಕಾದ ಕೈ, ನೀರು, ಆಹಾರಗಳ ಮೂಲಕ ಇನ್ನೊಬ್ಬರ ಬಾಯಿಯನ್ನು ಸೇರುತ್ತವೆ. ಹೆಚ್ಚಿನ ಮಕ್ಕಳಿಗೆ ಇವುಗಳಿಂದ ಏನೂ ಆಗುವುದಿಲ್ಲ, ಆದರೂ ಎರಡು ದಿನದ ಜ್ವರ ಬಂದುಹೋಗುತ್ತದೆ ಅಷ್ಟೆ. ಎಲ್ಲೋ ಕೆಲವರಲ್ಲಿ ವೈರಸ್ ಬೆನ್ನುಹುರಿಯನ್ನು ಹೊಕ್ಕು, ಸ್ನಾಯುಗಳಿಗೆ ಚಲನೆಯ ಆಜ್ಞೆ ಕಳುಹಿಸುವ ಜೀವಕೋಶಗಳನ್ನು ಹಾಳುಮಾಡುತ್ತದೆ. ಸ್ಪರ್ಶದ ನರಗಳು ಬೇರೆಯಾದ್ದರಿಂದ ಅವು ಉಳಿದುಕೊಳ್ಳುತ್ತವೆ. ನಮ್ಮ ಹುಡುಗ ಕಚಗುಳಿಗೆ ನಗುತ್ತಿದ್ದರೂ ಕಾಲನ್ನು ಎಳೆದುಕೊಳ್ಳಲಾರದೆ ಹೋದದ್ದು ಇದರಿಂದಲೇ.

ಈ ದಾಯಾದಿಗಳು ಬೆಳಕಿಗೆ ಬಂದ ಕತೆಯೇ ಪೋಲಿಯೊದ ಹುಡುಕಾಟದ ಕತೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ದಂಡೆಯಲ್ಲಿ ಕಾಕ್ಸಾಕಿ ಎಂಬ ಚಿಕ್ಕ ಊರಿದೆ. ಪೋಲಿಯೊ ಇರಬಹುದೆಂದು ಶಂಕಿಸಲಾಗಿದ್ದ ಅಲ್ಲಿಯ ಮಕ್ಕಳ ಮಲದ ಮಾದರಿಯಲ್ಲಿ ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಎಂಬ ಸಂಶೋಧಕರಿಗೆ ದೊರೆತದ್ದು ಪೋಲಿಯೊ ಅಲ್ಲದ ಹೊಸ ವೈರಸ್. 1948ರಲ್ಲಿ ಅವರು ಅದನ್ನು ಪ್ರಕಟಿಸಿದರು. ಊರಿನ ಹೆಸರೇ ವೈರಸ್ಸಿಗೂ ಉಳಿಯಿತು. 1969ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೂಸಿನಲ್ಲಿ ಮೊದಲು ಸಿಕ್ಕಿದ ಎಂಟೆರೊವೈರಸ್ 71 ಎಂಬುದು 1975ರಲ್ಲಿ ಬಲ್ಗೇರಿಯಾದಲ್ಲಿ ಪೋಲಿಯೊವನ್ನೇ ಹೋಲುವ ರೋಗವಾಗಿ ಹಬ್ಬಿ 44 ಮಂದಿಯನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಬಹುತೇಕರು ಎಳೆಯ ಮಕ್ಕಳು. ಬಾಯಲ್ಲಿ, ಅಂಗೈ ಅಂಗಾಲುಗಳಲ್ಲಿ ಗುಳ್ಳೆ ಏಳಿಸುವ ‘ಕೈ, ಕಾಲು, ಬಾಯಿ’ ರೋಗಕ್ಕೂ ಇದೇ ವೈರಸ್ ಒಂದು ಕಾರಣ.

ಇದೆಲ್ಲ ಹೊರದೇಶದ ಮಾತೆಂದು ತಿಳಿಯಬಾರದು. 1971ರಲ್ಲಿ ಮುಂಬಯಿಯಲ್ಲಿ ಕಣ್ಣು ಕೆಂಪಾಗುವ ಬೇನೆ ಹಬ್ಬಿದಾಗ, ಕಣ್ಣು ವಾಸಿಯಾದ ಕೆಲವರ ಕಾಲುಗಳು ಪೋಲಿಯೊ ಬಂದವರಂತೆ ಸೋತದ್ದನ್ನು ನರರೋಗ ತಜ್ಞ ನೋಶಿರ್ ವಾಡಿಯಾ ಮತ್ತವರ ಸಂಗಡಿಗರು ಗುರುತಿಸಿ ಜಗತ್ತಿಗೆ ತಿಳಿಸಿದರು. ಅದರ ಹಿಂದಿದ್ದದ್ದು ಎಂಟೆರೊವೈರಸ್ 70. ಅಂದು ಅದಕ್ಕೆ ತುತ್ತಾದವರು ಹೆಚ್ಚಾಗಿ ವಯಸ್ಕರು. 2014ರಲ್ಲಿ ಅಮೆರಿಕದಲ್ಲಿ ಎಂಟೆರೊವೈರಸ್ ಡಿ68 ಹರಡಿದ ತಿಂಗಳುಗಳಲ್ಲಿ 120 ಮಂದಿಗೆ, ಹೆಚ್ಚಾಗಿ ಮಕ್ಕಳಿಗೆ, ಕೈಕಾಲು ಸೋತವು. ಇದು ಮುಖ್ಯವಾಗಿ ನೆಗಡಿಯಂತೆ ಉಸಿರಿನ ಮೂಲಕ ಹರಡುವಂಥದ್ದು. ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರದ ವೈರಸ್ ಬೇರೆ ಮನೆತನದ್ದು. ಆದರೂ ವಿಯೆಟ್ನಾಮಿನಲ್ಲಿ ಹಠಾತ್ ಪಾರ್ಶ್ವವಾಯುವಿಗೆ ಗುರಿಯಾದ 22 ಮಕ್ಕಳನ್ನು ಪರೀಕ್ಷಿಸಿದಾಗ 12 ಮಕ್ಕಳಲ್ಲಿ ಅದರ ಸೋಂಕು ಕಂಡಿತೆಂದು 1998ರಲ್ಲಿ ವರದಿಯಾಯಿತು.

ಪೋಲಿಯೊ ಹನಿಯೂ ಚುಚ್ಚುಮದ್ದೂ ಪೋಲಿಯೊವನ್ನು ಮಾತ್ರ ತಡೆಯುತ್ತವೆ, ಈ ದಾಯಾದಿಗಳನ್ನಲ್ಲ. ‘ಹನಿ ಹಾಕಿಸಿದ್ದೇವೆ’ ಎಂಬ ಮಾತು ಕಾಲು ಸೋತ ಮಗುವಿನ ಮುಂದೆ ಸಮಾಧಾನವಾಗಲಾರದು. ಹಾಗೆಂದು ಹನಿ ವ್ಯರ್ಥವೆಂದೂ ಅರ್ಥವಲ್ಲ. ನನ್ನ ಮೊದಲ ವರ್ಷಗಳ ಆ ಮಕ್ಕಳನ್ನು ನೆನೆಸಿಕೊಂಡವರು ಆ ಮಾತು ಆಡಲಾರರು.

ಸೊಲ್ಲಾಪುರದಲ್ಲಿ ಮೊದಲ ದಿನವೇ ಒಂದು ಸಂಗತಿ ಮನೆಯವರಿಗೆ ವಿಚಿತ್ರವೆನಿಸಿತು. ಹುಡುಗನ ಮಲವನ್ನು ಎರಡು ಸಲ, ಇಪ್ಪತ್ತನಾಲ್ಕು ಗಂಟೆಗಳಿಗೆ ಕಡಿಮೆಯಿಲ್ಲದ ಅಂತರದಲ್ಲಿ, ಡಬ್ಬಿಯಲ್ಲಿ ಹಿಡಿದುಕೊಡಲು ಹೇಳಿದರು. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಅದು ಪ್ರಯೋಗಾಲಯಕ್ಕೆ ಹೋಗುತ್ತದೆಂದರು. ‘ಕೂಸಿನ ಕಾಲ ನೋಡಂದ್ರ ಹೇಲಾ ಕೇಳ್ತಾರ’ ಎಂದು ನನ್ನ ತಂಗಿ ಸಿಟ್ಟಾದಳು. ಆ ಸಿಟ್ಟು ಸಹಜವೇ. ಆದರೆ ಈ ಕೇಳಿಕೆಯ ಹಿಂದೆ ದೇಶದ ದೊಡ್ಡದೊಂದು ಕಾವಲಿದೆ.

ಹದಿನೈದು ವರ್ಷದೊಳಗಿನ ಯಾವುದೇ ಮಗುವಿನ ಕೈ ಅಥವಾ ಕಾಲು ಹಠಾತ್ತನೆ ಸಡಿಲಾಗಿ ಸೋತರೆ, ಕಾರಣ ಏನೇ ಕಂಡರೂ, ಅದನ್ನು ಸರಕಾರದ ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. 1997ರಿಂದ ನಮ್ಮ ದೇಶದಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ನಡೆದುಬಂದಿದೆ. ಕಾಲು ಸೋತ ದಿನದಿಂದ ಹದಿನಾಲ್ಕು ದಿನಗಳೊಳಗೆ ಎರಡು ಮಾದರಿ ಹೋಗಬೇಕು, ಏಕೆಂದರೆ ವೈರಸ್ ಮಲದಲ್ಲಿ ಹೆಚ್ಚಾಗಿ ಸಿಗುವುದು ಆ ಎರಡು ವಾರಗಳಲ್ಲಿ. ಎರಡು ಸಲ ಏಕೆಂದರೆ ವೈರಸ್ ಪ್ರತಿ ದಿನವೂ ಒಂದೇ ಪ್ರಮಾಣದಲ್ಲಿ ಹೊರಬೀಳುವುದಿಲ್ಲ. ಅರವತ್ತು ದಿನಗಳ ಮೇಲೆ ಮಗುವನ್ನು ಮತ್ತೆ ನೋಡಿ ಸೋಲು ಉಳಿದಿದೆಯೇ ಎಂದು ಬರೆದುಕೊಳ್ಳುವ ಕ್ರಮವೂ ಇದೆ.

ಇದರಲ್ಲಿ ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿದ್ದು ಒಂದು ಲೆಕ್ಕ. ಪೋಲಿಯೊ ಇಲ್ಲದಿದ್ದರೂ ಹದಿನೈದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕನಿಷ್ಠ ಒಂದಾದರೂ ಇಂಥ ಪ್ರಕರಣ ಕಂಡೇ ಕಾಣುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಭಾರತ ತನಗೆ ತಾನೇ ಇಟ್ಟುಕೊಂಡ ಅಳತೆ ಎರಡು. ಒಂದು ಜಿಲ್ಲೆಯಿಂದ ಒಂದೂ ಪ್ರಕರಣ ವರದಿಯಾಗದಿದ್ದರೆ ಅಲ್ಲಿಯ ಮಕ್ಕಳೆಲ್ಲ ಕ್ಷೇಮವೆಂದು ತಿಳಿಯುವಂತಿಲ್ಲ. ಅಲ್ಲಿ ನೋಡುವ ಕಣ್ಣು ಮುಚ್ಚಿದೆ ಎಂದು ತಿಳಿಯಬೇಕು. ಪರೀಕ್ಷೆಯಲ್ಲಿ ಸೊನ್ನೆ ಪಡೆದವನಿಗೂ ಪರೀಕ್ಷೆಗೇ ಬಾರದವನಿಗೂ ವ್ಯತ್ಯಾಸವಿದೆಯೆಂದು ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಪೋಲಿಯೊ ಇಲ್ಲವೆಂದು ದೇಶ ಧೈರ್ಯವಾಗಿ ಹೇಳುವುದು, ಪೋಲಿಯೊ ಅಲ್ಲದ ಸಾವಿರಾರು ಮಕ್ಕಳ ಮಾದರಿಗಳನ್ನು ಪ್ರತಿ ವರ್ಷ ನೋಡಿದ ಬಲದ ಮೇಲೆ. ನಮ್ಮ ಹುಡುಗನ ಆ ಎರಡು ಡಬ್ಬಿಗಳೂ ಆ ಧೈರ್ಯದ ಒಂದು ಕಾಳು.

ಕೆಲವು ವಾರಗಳ ಮೇಲೆ ಉತ್ತರ ಬಂತು. ಪೋಲಿಯೊ ವೈರಸ್ ಇಲ್ಲ. ಪೋಲಿಯೊ ಅಲ್ಲದ ಎಂಟೆರೊವೈರಸ್ ಇದೆ. ಅದರ ಸ್ವಂತ ಹೆಸರು ಏನೆಂದು ಚೀಟಿಯಲ್ಲಿ ಇರಲಿಲ್ಲ. ವೈದ್ಯರು ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಿದರು: ಇಂಥ ವೈರಸ್‌ಗಳು ಆರೋಗ್ಯವಂತ ಮಕ್ಕಳ ಕರುಳಿನಲ್ಲಿಯೂ ಇರುತ್ತವೆ, ಆದ್ದರಿಂದ ಮಲದಲ್ಲಿ ಸಿಕ್ಕಿದ ಮಾತ್ರಕ್ಕೆ ಅದೇ ಅಪರಾಧಿಯೆಂದು ಹೇಳಲಾಗದು, ಜ್ವರ, ಒಂದೇ ಕಾಲಿನ ಸೋಲು, ಬೆನ್ನುಹುರಿಯ ಚಿತ್ರ ಎಲ್ಲವನ್ನೂ ಕೂಡಿಸಿ ನೋಡಿದಾಗ ಅದೇ ಇರಬೇಕೆನಿಸುತ್ತದೆ. ಹೆಸರಿಲ್ಲದ ಶತ್ರುವಿನ ಮೇಲೆ ಸಿಟ್ಟು ಮಾಡುವುದು ಕಷ್ಟ. ತಂಗಿಯ ಸೊಸೆ ಆ ಚೀಟಿಯನ್ನು ಮಡಚಿ ದೇವರ ಕೋಣೆಯ ಪೆಟ್ಟಿಗೆಯಲ್ಲಿಟ್ಟಳು.

ಇಂಥ ಎಂಟೆರೊವೈರಸ್ ಹೊಡೆತಕ್ಕೆ ನೇರವಾದ ಔಷಧವಿಲ್ಲ. ಆರೈಕೆಯೂ ಅಂಗಸಾಧನೆಯೂ ಇವೆ. ಗಿಯಾನ್ ಬಾರೆಯಂಥ ರೋಗಕ್ಕಾದರೆ ಚಿಕಿತ್ಸೆ ಇದೆ, ಆದರೆ ಅದು ಬೇಗನೆ ಆರಂಭವಾಗಬೇಕು. ಉಸಿರಾಟದ ಸ್ನಾಯುಗಳು ಸೋತರೆ ಯಂತ್ರದ ಆಧಾರ ಬೇಕಾಗುತ್ತದೆ. ಮನೆಯಲ್ಲಿ ಕುಳಿತು ಇದು ಯಾವ ರೋಗವೆಂದು ನಿರ್ಧರಿಸಲು ಬರುವುದಿಲ್ಲ. ಆದ್ದರಿಂದ ಕಾಲು ಸೋತ ದಿನವೇ ದೊಡ್ಡ ದವಾಖಾನೆಗೆ ಹೋಗುವುದೊಂದೇ ದಾರಿ. ಎಣ್ಣೆ ತಿಕ್ಕಿಸುತ್ತ, ಯಂತ್ರ ಕಟ್ಟಿಸುತ್ತ ದಿನ ಕಳೆಯಬಾರದು. ಜ್ವರ ಬಂದಾಗಲೆಲ್ಲ ‘ಒಂದು ಸೂಜಿ ಹಾಕಿಬಿಡ್ರಿ’ ಎಂದು ಕೇಳುವ ನಮ್ಮ ಹಳೆಯ ರೂಢಿಯನ್ನೂ ಬಿಡಬೇಕು. ಸೂಜಿಯಿಂದ ನರಕ್ಕೆ ಪೆಟ್ಟಾಗುವುದು ಒಂದು. ಪೋಲಿಯೊ ಸೋಂಕು ದೇಹದಲ್ಲಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಅಂಗಕ್ಕೆ ಪಾರ್ಶ್ವವಾಯು ಬರುವ ಸಂಭವ ಹೆಚ್ಚುತ್ತದೆಂಬುದು ಇನ್ನೊಂದು.

ಎಂಟೆರೊವೈರಸ್‌ಗಳನ್ನು ದೂರವಿಡಲು ಸಾಬೂನು ಮತ್ತು ನೀರಿಗಿಂತ ಹತ್ತಿರದ ಆಯುಧವಿಲ್ಲ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಜರ್‌ಗೆ ಇವು ಸುಲಭವಾಗಿ ಜಗ್ಗುವುದಿಲ್ಲ. ರೋಗ ಬಂದ ಮಗುವಿನ ಮಲದಲ್ಲಿ ವೈರಸ್ ವಾರಗಟ್ಟಲೆ ಇರಬಹುದಾದ್ದರಿಂದ ತೊಳೆಸಿದ ಕೈಯನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು. ಕುಡಿಯುವ ನೀರಿನ ಕೊಳವೆಗೆ ಗಟಾರದ ನೀರು ಸೇರಿದರೆ ಗ್ರಾಮ ಪಂಚಾಯತಿಯನ್ನು ಸುಮ್ಮನೆ ಕೂಡಲು ಬಿಡಬಾರದು.

ಇನ್ನು ಭಾಷೆಯ ಮಾತು. ತಮಿಳಿನಲ್ಲಿ, ಮಲಯಾಳದಲ್ಲಿ ಕಾಲು ‘ಕಾಲ್’, ತೆಲುಗಿನಲ್ಲಿಯೂ ‘ಕಾಲು’. ಹೊಸೂರಿನ, ಕಾಸರಗೋಡಿನ, ಆದವಾನಿಯ ತಾಯಂದಿರಿಗೆ ಈ ಒಂದು ಶಬ್ದದಲ್ಲಿ ಮೋಸವಾಗದು. ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗಗಳಲ್ಲಿ ಮಾತ್ರ ಅದು ಎಡವಿಸುತ್ತದೆ. ಮಕ್ಕಳು ಕನ್ನಡದಲ್ಲಿಯೇ ಕಲಿಯಲಿ ಎಂಬುದು ನನ್ನ ಜೀವನದ ಕೆಲಸ. ಆ ಮಾತಿನಿಂದ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ. ಆದರೆ ದವಾಖಾನೆಯ ಬಾಗಿಲಲ್ಲಿ ನಮ್ಮ ಹೆಣ್ಣುಮಕ್ಕಳ ಮಾತು ಸೋಲಬಾರದು. ‘ಪಾಯಾತ ತಾಕದ ನಾಹೀ, ಉಭಾ ರಾಹತಾ ಯೇತ ನಾಹೀ’ ಎಂಬ ಎರಡು ವಾಕ್ಯಗಳನ್ನು, ಎಂದರೆ ಕಾಲಿನಲ್ಲಿ ಬಲವಿಲ್ಲ, ನಿಲ್ಲಲು ಬರುತ್ತಿಲ್ಲ ಎಂಬುದನ್ನು, ನಮ್ಮ ಪ್ರತಿಯೊಬ್ಬ ತಾಯಿಯೂ ಬಾಯಿಪಾಠ ಮಾಡಲಿ. ಅದಕ್ಕೂ ಮಿಗಿಲಾಗಿ, ಮಾತನ್ನು ಬಿಟ್ಟು ಮಗುವನ್ನು ವೈದ್ಯರ ಮುಂದೆ ನೆಲದ ಮೇಲೆ ನಿಲ್ಲಿಸಿ ತೋರಿಸಲಿ. ಕುಸಿಯುವ ಕಾಲಿಗೆ ಅನುವಾದ ಬೇಕಿಲ್ಲ.

ನಮ್ಮಲ್ಲಿ ಅನೇಕರು ಭಾಷೆಯ ಅನುಕೂಲಕ್ಕೆಂದು ಕಲಬುರ್ಗಿಗೋ ವಿಜಯಪುರಕ್ಕೋ ಹೋಗುತ್ತಾರೆ. ಅದರಲ್ಲಿ ತಪ್ಪಿಲ್ಲ. ಅಲ್ಲಿ ನೆಂಟರ ವಿಳಾಸ ಬರೆಸದೆ ನಮ್ಮ ಊರು, ತಾಲೂಕು, ಜಿಲ್ಲೆಗಳನ್ನೇ ಸರಿಯಾಗಿ ಬರೆಸಬೇಕು. ಪ್ರಕರಣದ ಸುದ್ದಿ ಮಗುವಿನ ಸ್ವಂತ ಜಿಲ್ಲೆಗೆ ಮರಳಿ ಬರುವುದು ಆ ವಿಳಾಸದ ಮೇಲೆಯೇ. ಗಡಿಯ ಎರಡೂ ಬದಿಯ ಲೆಕ್ಕದಿಂದ ನಮ್ಮ ಮಕ್ಕಳು ಜಾರಿಹೋಗಬಾರದು.

ಅರವತ್ತನೆಯ ದಿನದ ತಪಾಸಣೆಯಲ್ಲಿ ನಮ್ಮ ಹುಡುಗನ ಎಡಗಾಲು ಇನ್ನೂ ಬಲಹೀನವಾಗಿತ್ತು, ಆದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಅವನ ತಾಯಿ ಎರಡು ವರ್ಷ ದಿನಕ್ಕೆರಡು ಸಲ ಆ ಕಾಲಿಗೆ ಸಾಧನೆ ಮಾಡಿಸಿದಳು. ಈಗ ಅವನು ಕನ್ನಡ ಶಾಲೆಯ ಎರಡನೆಯ ಇಯತ್ತೆಯಲ್ಲಿದ್ದಾನೆ. ಎಡಗಾಲಿನ ಮೀನಖಂಡ ಸ್ವಲ್ಪ ತೆಳ್ಳಗಿದೆ, ಓಡುವಾಗ ಹೆಜ್ಜೆ ಕೊಂಚ ಓರೆ ಬೀಳುತ್ತದೆ. ಅವನ ತಾಯಿ ಪ್ರತಿ ವರ್ಷ ಮಳೆಗಾಲ ಬರುವ ಮುಂಚೆ ಶಾಲೆಯ ಪಾಲಕರ ಸಭೆಯಲ್ಲಿ ಎದ್ದು ನಿಂತು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೆ ಆ ಎರಡು ಮರಾಠಿ ವಾಕ್ಯಗಳನ್ನು ಹೇಳಿಕೊಡುತ್ತಾಳೆ.